ಸಿನಿಮಾ ನೋಡಿ ಸ್ಕೇಟ್ ಬೇಕೆಂದರೆ ಯಾವುದನ್ನು ಕೊಡಿಸಬೇಕು? ಕೊಡಗಿನ ಮನೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಕಕ್ಕಡದ ಜಡಿಮಳೆಗೆ ಹೊರಗೆ ಕಾಲಿಡಲಾಗದ ಒಂದು ಸಂಜೆ ಮನೆಮಂದಿಯೆಲ್ಲ ಕೂತು ಸಿನಿಮಾ ನೋಡಿರುತ್ತೀರಿ. ತನ್ನ ಪಾಡಿಗೆ ತಾನಿದ್ದ ಹದಿಹರೆಯದ ಹುಡುಗಿಯೊಬ್ಬಳು ಐಸ್ ಮೇಲೆ ಕಾಲಿಟ್ಟು, ಬಿದ್ದು, ಎದ್ದು, ಕೊನೆಗೆ ಒಂಟಿ ಕಾಲಿನಲ್ಲಿ ಬುಗುರಿಯಂತೆ ತಿರುಗಿ ನಿಲ್ಲುವ ಕಥೆ. ಮರುದಿನ ಬೆಳಗ್ಗೆ ನೋಡಿದರೆ ನಿಮ್ಮ ಮಗಳು ಸಾಕ್ಸ್ ಹಾಕಿಕೊಂಡು ಜಗಲಿಯ ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತಿರುತ್ತಾಳೆ. ವಾರ ಕಳೆದರೂ ಆ ಹುಚ್ಚು ಇಳಿಯದಿದ್ದರೆ ಅದಕ್ಕೆ ಬೆಲೆ ಕೊಡಲೇಬೇಕು.

ಬಹಳ ಮನೆಗಳಲ್ಲಿ ಮುಂದೆ ಆಗುವುದು ಇಷ್ಟು. ಆನ್‌ಲೈನ್‌ನಲ್ಲಿ ಹುಡುಕಿ, ಕಡಿಮೆ ಬೆಲೆಯ, ಗಾಲಿಯಲ್ಲಿ ಬಣ್ಣದ ಲೈಟು ಉರಿಯುವ, ಮೂರು ನಾಲ್ಕು ಸೈಜಿಗೆ ಎಳೆದು ಹೊಂದಿಸಬಹುದಾದ ಇನ್‌ಲೈನ್ ಸ್ಕೇಟ್ ತರಿಸುತ್ತಾರೆ. ಎರಡು ಭಾನುವಾರ ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡಿದ ಮೇಲೆ ಅದು ಅಟ್ಟ ಸೇರುತ್ತದೆ. ಹುಡುಗಿಗೆ ಆಸಕ್ತಿಯೇ ಇರಲಿಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಅವಳದೇನೂ ತಪ್ಪಿಲ್ಲ. ಅವಳು ಮೆಚ್ಚಿದ್ದು ಫಿಗರ್ ಸ್ಕೇಟಿಂಗ್ ಎಂಬ ಆಟವನ್ನು, ಕೈಗೆ ಬಂದದ್ದು ಓಟದ ಸ್ಕೇಟು. ಈ ಬರಹ ಆ ಎರಡರ ನಡುವಿನ ವ್ಯತ್ಯಾಸದ ಬಗ್ಗೆ. ಮಗ ಕೇಳಿದರೂ ಇಲ್ಲಿ ಹೇಳಿದ್ದೆಲ್ಲ ಹಾಗೆಯೇ ಅನ್ವಯಿಸುತ್ತದೆ.

ಫಿಗರ್ ಎಂದರೆ ನೆಲದ ಮೇಲಿನ ಗೆರೆ

ಫಿಗರ್ ಸ್ಕೇಟಿಂಗ್‌ನಲ್ಲಿ ಫಿಗರ್ ಎಂದರೆ ನೆಲದ ಮೇಲೆ ಬಿಡಿಸುವ ಆಕೃತಿ. ಒಂಟಿ ಕಾಲಿನಲ್ಲಿ ನಿಂತು ಐಸ್ ಮೇಲೆ ಎಂಟರ ಆಕಾರ ಗೀರಿ, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹಾಯುವುದರಿಂದ ಈ ಆಟ ಬೆಳೆಯಿತು. ಐಸ್ ಮೇಲಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 1990ರವರೆಗೂ ಈ ಕಡ್ಡಾಯ ಆಕೃತಿಗಳಿಗೆ ಅಂಕವಿತ್ತು, ಆಮೇಲೆ ಕೈಬಿಟ್ಟರು. ಅಂಕ ಹೋದರೂ ಗೆರೆ ಹೋಗಲಿಲ್ಲ. ಜಿಗಿತವೂ ಗಿರಕಿಯೂ ಇಂದಿಗೂ ಆ ಬಾಗಿದ ಗೆರೆಯಿಂದಲೇ ಹುಟ್ಟುತ್ತವೆ.

ಐಸ್ ಬ್ಲೇಡು ಸುಮಾರು 4 ಮಿ.ಮೀ. ದಪ್ಪ ಇರುತ್ತದೆ. ಅದು ಚಾಕುವಿನಂತೆ ಒಂದೇ ಬಾಯಿಯದಲ್ಲ. ಅಡಿಭಾಗವನ್ನು ಉದ್ದಕ್ಕೂ ಸಣ್ಣ ಕಾಲುವೆಯಂತೆ ಕೊರೆದಿರುತ್ತಾರೆ, ಹಾಗಾಗಿ ಒಂದು ಬ್ಲೇಡಿಗೆ ಎರಡು ಅಂಚು: ಕಾಲಿನ ಒಳಬದಿಯದು, ಹೊರಬದಿಯದು. ದೇಹ ಯಾವ ಕಡೆ ವಾಲಿತೋ ಆ ಅಂಚು ಐಸ್ ಹಿಡಿದು ಆ ಕಡೆಗೆ ಗೆರೆ ಬಾಗುತ್ತದೆ. ಕಲಿಸುವವರು ದಿನವಿಡೀ "ಎಡ್ಜ್, ಎಡ್ಜ್" ಎಂದು ಕೂಗುವುದು ಇದನ್ನೇ. ಬ್ಲೇಡಿನ ತುದಿಯಲ್ಲಿ ಗರಗಸದಂಥ ಹಲ್ಲುಗಳಿವೆ, ಅದು ಟೋ ಪಿಕ್.

ಸ್ಪರ್ಧೆಯ ಮುಖ್ಯ ಜಿಗಿತಗಳು ಆರು. ಟೋ ಲೂಪ್, ಫ್ಲಿಪ್, ಲಟ್ಜ್ ಈ ಮೂರರಲ್ಲಿ ಇನ್ನೊಂದು ಕಾಲಿನ ಟೋ ಪಿಕ್ ಕುಟ್ಟಿ ಏಳುತ್ತಾರೆ. ಸಾಲ್ಕೋ, ಲೂಪ್, ಆಕ್ಸೆಲ್ ಇವು ಬರೀ ಅಂಚಿನ ಬಲದಿಂದ ಏಳುವಂಥವು. ಆಕ್ಸೆಲ್ ಒಂದೇ ಮುಖ ಮುಂದೆ ಮಾಡಿ ಹಾರುವ ಜಿಗಿತ. ಇಳಿಯುವುದು ಮಾತ್ರ ಹಿಮ್ಮುಖವಾಗಿ, ಆದ್ದರಿಂದ ಅದರಲ್ಲಿ ಯಾವಾಗಲೂ ಅರ್ಧ ಸುತ್ತು ಹೆಚ್ಚು. ಮಗಳ ಜೊತೆ ಆ ಸಿನಿಮಾವನ್ನು ಇನ್ನೊಮ್ಮೆ ಹಾಕಿ, ಜಿಗಿತ ಬಂದಲ್ಲೆಲ್ಲ ನಿಲ್ಲಿಸಿ, ಸಿನಿಮಾದ ಹುಡುಗಿ ಯಾವ ಕಡೆ ಮುಖ ಮಾಡಿ ಎದ್ದಳು, ಟೋ ಪಿಕ್ ತಾಗಿತೇ ಎಂದು ನೋಡಿ. ಜಿಗಿತದ ಮಧ್ಯೆಯೇ ದೃಶ್ಯ ಕತ್ತರಿಸಿ, ಮುಖ ಕಾಣುವ ಹೊತ್ತಿಗೆ ನಟಿ, ಹಾರುವ ಹೊತ್ತಿಗೆ ಪಳಗಿದ ಸ್ಕೇಟರ್ ಬಂದಿರುವುದೂ ಕೆಲವೊಮ್ಮೆ ಗೊತ್ತಾಗುತ್ತದೆ. ಇದು ಮಗಳಿಗೆ ಗೊತ್ತಿರುವುದು ಒಳ್ಳೆಯದು. ಇಲ್ಲದಿದ್ದರೆ ಸಿನಿಮಾದಲ್ಲಿ ಹತ್ತು ನಿಮಿಷದಲ್ಲಿ ಬಂದದ್ದು ತನಗೆ ಎರಡು ತಿಂಗಳಾದರೂ ಬರಲಿಲ್ಲವೆಂದು ಕುಗ್ಗುತ್ತಾಳೆ.

ಹೀಗಾಗಿ ಯಾವ ಸ್ಕೇಟ್ ನೋಡಿದರೂ ನಮ್ಮ ಪ್ರಶ್ನೆ ಒಂದೇ: ಇದು ಬಾಗಿದ ಗೆರೆ ಎಳೆಯುತ್ತದೆಯೇ?

ನಾಲ್ಕು ಗಾಲಿಯ ಕ್ವಾಡ್: ಕೊಡಗಿಗೆ ನಮ್ಮ ಮೊದಲ ಆಯ್ಕೆ

ಕ್ವಾಡ್ ಎಂದರೆ ಮುಂದೆ ಎರಡು, ಹಿಂದೆ ಎರಡು ಗಾಲಿ, ಮುಂತುದಿಯಲ್ಲಿ ರಬ್ಬರಿನ ಟೋ ಸ್ಟಾಪ್. ಹಳೆಯ ಕಾಲದ ಸಾಮಾನಿನಂತೆ ಕಾಣುವುದರಿಂದ ಮಕ್ಕಳು ಮೂಗು ಮುರಿಯುತ್ತಾರೆ. ಆದರೆ ಒಳಗಿನ ಕೆಲಸ ನೋಡಿ. ಪ್ರತಿ ಜೋಡಿ ಗಾಲಿಯನ್ನು ಹಿಡಿದ ಲೋಹದ ತುಂಡಿಗೆ ಟ್ರಕ್ ಎನ್ನುತ್ತಾರೆ. ಅದು ಬೂಟಿನ ಅಡಿಯ ಪ್ಲೇಟಿಗೆ ರಬ್ಬರ್ ಕುಷನ್ನಿನ ಮೇಲೆ ಕೂತಿರುತ್ತದೆ. ಸ್ಕೇಟರ್ ವಾಲಿದಾಗ ಕುಷನ್ ಆ ಕಡೆ ಅಮುಕಿ, ಟ್ರಕ್ಕುಗಳು ತಿರುಗಿ, ಸ್ಕೇಟು ತಾನಾಗಿ ವೃತ್ತದ ಮೇಲೆ ಸಾಗುತ್ತದೆ. ಬ್ಲೇಡಿನ ಅಂಚು ಐಸ್ ಮೇಲೆ ಮಾಡುವ ಕೆಲಸವನ್ನು ಇಲ್ಲಿ ಕುಷನ್ ಸಿಮೆಂಟಿನ ಮೇಲೆ ಮಾಡುತ್ತದೆ.

ಇದು ಐಸ್ ಸಿಗದವರ ಸಮಾಧಾನಕ್ಕೆ ಹೇಳುವ ಮಾತಲ್ಲ. ಗಾಲಿಯ ಮೇಲಿನ ಈ ಆಟಕ್ಕೆ ಆರ್ಟಿಸ್ಟಿಕ್ ಸ್ಕೇಟಿಂಗ್ ಎಂಬ ಹೆಸರಿದೆ, ರಾಷ್ಟ್ರೀಯ ಸ್ಪರ್ಧೆಗಳಿವೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮಾ ಪುರುಷರ ಫ್ರೀ ಸ್ಕೇಟಿಂಗ್‌ನಲ್ಲಿ ಕಂಚು ಗೆದ್ದರು. ಅವನಿ ಪಾಂಚಾಲ್ ಜೊತೆ ಜೋಡಿ ವಿಭಾಗದಲ್ಲಿ ಇನ್ನೊಂದು ಕಂಚು. ಜಿಗಿತಗಳೂ ಬಹುತೇಕ ಅವೇ. ಟೋ ಲೂಪನ್ನು ರೋಲರ್‌ನವರು ಮೇಪ್ಸ್ ಎನ್ನುತ್ತಾರೆ ಅಷ್ಟೆ. ಐಸ್‌ನವರು ಕೈಬಿಟ್ಟ ಎಂಟರ ಆಕೃತಿಯನ್ನು ರೋಲರ್‌ನವರು ಕೈಬಿಡದೆ ಉಳಿಸಿಕೊಂಡರು.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ ಸುಲಭ. ಸ್ಕೇಟ್ ಹಾಕಿಸಿ, ಲೇಸು ಬಿಗಿದು, ಮ್ಯಾಟಿನ ಮೇಲೆ ನಿಲ್ಲಿಸಿ. ನಾಲ್ಕೂ ಗಾಲಿ ನೆಲದಲ್ಲೇ ಇರುವಂತೆ ಪಾದವನ್ನು ಹೊರಗಡೆಗೆ ವಾಲಿಸಲು ಹೇಳಿ. ನೀವು ಬಗ್ಗಿ ಕುಷನ್ ನೋಡಿ. ಒಂದು ಬದಿ ಅಮುಕಿ, ಆ ಬದಿಯ ಮುಂದಿನ, ಹಿಂದಿನ ಗಾಲಿಗಳು ಒಂದಕ್ಕೊಂದು ಹತ್ತಿರವಾಗಬೇಕು. ಏನೂ ಅಲುಗಾಡದಿದ್ದರೆ ಅದು ಗಾಲಿ ಹಾಕಿದ ಹಲಗೆ. ಶೂ ಮೇಲೆ ಪಟ್ಟಿ ಕಟ್ಟಿಕೊಳ್ಳುವ ಸಾವಿರ, ಎರಡು ಸಾವಿರದ ಸ್ಕೇಟುಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅವುಗಳ ಗಾಲಿಯೂ ಗಟ್ಟಿ ಪ್ಲಾಸ್ಟಿಕ್ಕಿನದು, ನಯವಾದ ನೆಲದ ಮೇಲೆ ಸೋಪಿನಂತೆ ಜಾರುತ್ತದೆ. ಆರು ವರ್ಷದ ಮಗುವಿಗೆ ಸಾಕು, ಹದಿನಾಲ್ಕರ ಹುಡುಗಿಯ ತೂಕಕ್ಕೆ ಸಾಲದು.

ಬೂಟು ಹರಡು ಮುಚ್ಚುವಷ್ಟು ಎತ್ತರ, ಕೈಯಲ್ಲಿ ಹಿಂಡಿದರೆ ಸುಲಭಕ್ಕೆ ಮಡಚದಷ್ಟು ಗಟ್ಟಿ ಇರಬೇಕು. ಸ್ವಲ್ಪ ಹಿಮ್ಮಡಿ ಎತ್ತರವಿರುವ ಆರ್ಟಿಸ್ಟಿಕ್ ಬೂಟೇ ಒಳ್ಳೆಯದು. ಗಾಲಿಯ ಮೇಲೆ 78ಎ, 85ಎ, 95ಎ ಎಂಬಂಥ ಅಂಕಿ ಇರುತ್ತದೆ. ಅದು ಗಡಸುತನ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ಕಾಫಿ ಒಣಗಿಸುವ ನಮ್ಮ ಸಿಮೆಂಟು ಕಣಕ್ಕೆ 78ಎ ಇಂದ 85ಎ ಸರಿ. ಗ್ರಾನೈಟ್ ಅಥವಾ ಟೈಲ್ಸ್ ಹಾಕಿದ ಹಾಲ್‌ಗೂ ಮೆತ್ತನೆಯ ಗಾಲಿಯೇ ಬೇಕು, ಗಟ್ಟಿಯದು ಅಲ್ಲಿ ಹಿಡಿತ ಬಿಡುತ್ತದೆ. 95ಎ ಮೇಲಿನವು ರಿಂಕಿನ, ಎಂದರೆ ಸ್ಕೇಟಿಂಗ್‌ಗೆಂದೇ ಕಟ್ಟಿದ ಅಂಕಣದ, ಹಿಡಿತವಿರುವ ನೆಲಕ್ಕೆ. ಅಂಗಡಿಯವರು "ಗಟ್ಟಿ ಗಾಲಿ ಸವೆಯೋದಿಲ್ಲ" ಎಂದು ಕೊಡಲು ನೋಡಿದರೆ ಬೇಡ ಎನ್ನಿ.

ಇನ್‌ಲೈನ್: ಒಳ್ಳೆಯ ಆಟ, ಆದರೆ ಬೇರೆ ಆಟ

ಸಾಲಾಗಿ ಮೂರೋ ನಾಲ್ಕೋ ಗಾಲಿ ಇರುವುದು ಇನ್‌ಲೈನ್. ಬ್ಲೇಡಿನಂತೆಯೇ ಕಾಣುತ್ತದಲ್ಲ, ಇದೇ ಐಸ್‌ಗೆ ಹತ್ತಿರ ಎಂದು ತೋರುವುದು ಸಹಜ. ವಿಷಯ ಅಷ್ಟು ಸರಳವಿಲ್ಲ. ಐಸ್ ಬ್ಲೇಡು ತೊಟ್ಟಿಲಿನ ಅಡಿಯಂತೆ ಉದ್ದಕ್ಕೂ ಸ್ವಲ್ಪ ಬಾಗಿರುತ್ತದೆ, ಯಾವ ಹೊತ್ತಿಗೂ ಅದರ ಚಿಕ್ಕ ಭಾಗವಷ್ಟೇ ಐಸ್ ತಾಗುವುದು. ಅಂಗಡಿಯ ಇನ್‌ಲೈನ್‌ನಲ್ಲಿ ನಾಲ್ಕೂ ಗಾಲಿ ಒಂದೇ ಮಟ್ಟದಲ್ಲಿ ನೆಲಕ್ಕೆ ತಾಗಿರುತ್ತವೆ. ನೇರ ಓಡಲು, ವೇಗಕ್ಕೆ ಅದೇ ಬೇಕು. ಬಿಗಿಯಾಗಿ ತಿರುಗಲು ಅದೇ ಅಡ್ಡಿ. ಜೊತೆಗೆ ಬಲಗಾಲಿನ ಹಿಮ್ಮಡಿಯಲ್ಲಿ ಬ್ರೇಕ್ ರಬ್ಬರ್ ಇರುತ್ತದೆ. ಹಿಮ್ಮುಖ ಚಲನೆಗೂ ಕಾಲು ದಾಟಿಸುವ ಕ್ರಾಸ್‌ಓವರ್‌ಗೂ ಅದು ತೊಡಕು. ಮುಂತುದಿಯಲ್ಲಿ ಏನೂ ಇಲ್ಲ, ಹಾಗಾಗಿ ಕುಟ್ಟಿ ಏಳುವ ಜಿಗಿತಗಳ ಮಾತೇ ಇಲ್ಲ.

ಮಗಳು ಸಿನಿಮಾದಲ್ಲಿ ಮೆಚ್ಚಿದ್ದು ಓಟವನ್ನೇ ಎಂದಾದರೆ, ಗಾಳಿ ಸೀಳಿಕೊಂಡು ಹೋಗುವುದೇ ಅವಳ ಕನಸಾದರೆ, ಇನ್‌ಲೈನ್ ಕೊಡಿಸಿ, ಧೈರ್ಯವಾಗಿ ಕೊಡಿಸಿ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರ ತಂಡವೂ ಮಹಿಳೆಯರ ತಂಡವೂ 3000 ಮೀಟರ್ ಸ್ಪೀಡ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ತಂದಿವೆ. ತರಬೇತುದಾರರೂ ಆ ಆಟಕ್ಕೇ ಹೆಚ್ಚು ಸಿಗುತ್ತಾರೆ.

ಇನ್‌ಲೈನ್ ಫಿಗರ್ ಸ್ಕೇಟ್ ಎಂಬ ಮೂರನೆಯ ಜಾತಿಯೊಂದಿದೆ. ಅದರ ಗಾಲಿಗಳ ಸಾಲು ಬ್ಲೇಡಿನಂತೆ ಬಾಗಿರುತ್ತದೆ, ಮುಂದೆ ಟೋ ಪಿಕ್ಕಿನ ಬದಲು ರಬ್ಬರ್ ತುಂಡು. ಐಸ್‌ನ ಅನುಭವಕ್ಕೆ ಗಾಲಿಗಳಲ್ಲಿ ಇದೇ ಅತಿ ಹತ್ತಿರ, ಐಸ್ ಸ್ಕೇಟರುಗಳು ಬೇಸಿಗೆಯಲ್ಲಿ ಅಭ್ಯಾಸಕ್ಕೆ ಬಳಸುವುದೂ ಇದನ್ನೇ. ಆದರೆ ಇದು ಹೊರದೇಶದಿಂದ ಬರಬೇಕು, ಬೂಟು ಸೇರಿದರೆ ಬೆಲೆ ಹತ್ತು ಸಾವಿರ ಎಲ್ಲೋ ದಾಟಿ ಹೋಗುತ್ತದೆ, ಒರಟು ಸಿಮೆಂಟಿನ ಮೇಲೆ ಕಾಲು ಗಡಗಡ ಎನ್ನುತ್ತದೆ. ಮುಂದೆ ಐಸ್‌ಗೇ ಹೋಗುವುದು ಖಚಿತ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಯವಾದ ರಿಂಕ್ ಸಿಗುತ್ತದೆ, ಓದಿಗೆ ಅಲ್ಲಿಗೇ ಹೋಗುತ್ತಾಳೆ ಎಂದಾದರೆ ಎರಡನೆಯ ವರ್ಷ ಯೋಚಿಸಿ. ಮೊದಲ ಸ್ಕೇಟ್ ಆಗಿ ಬೇಡ.

ಐಸ್: ಕೊಳ್ಳುವುದಲ್ಲ, ಹೋಗಿ ಬರುವುದು

ಮಡಿಕೇರಿಯ ಚಳಿ ಎಷ್ಟೇ ಕೊರೆದರೂ ಕೆರೆ ಹೆಪ್ಪುಗಟ್ಟುವುದಿಲ್ಲ. ಫಿಗರ್ ಸ್ಕೇಟಿಂಗ್‌ಗೆ ಐಸ್‌ನ ಮೇಲ್ಮೈ ಸುಮಾರು ಮೈನಸ್ 3, 4 ಡಿಗ್ರಿಯಲ್ಲಿರಬೇಕು. ನಮ್ಮ ದೇಶದಲ್ಲಿ ಒಲಿಂಪಿಕ್ ಅಳತೆಯ, ಎಂದರೆ 60 ಮೀಟರ್ ಉದ್ದ 30 ಮೀಟರ್ ಅಗಲದ ಒಳಾಂಗಣ ರಿಂಕ್ ಇರುವುದು ಡೆಹ್ರಾಡೂನ್‌ನಲ್ಲಿ. ಗುರುಗ್ರಾಮದ ಮಾಲ್ ಒಂದರಲ್ಲಿ ಐಸ್ ರಿಂಕ್ ಇದೆ. ಶಿಮ್ಲಾದಲ್ಲಿ 1920ರಿಂದ ಬಯಲಿನ ರಿಂಕ್ ಇದೆ, ನೀರು ಹಾಯಿಸಿ ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸುವಂಥದ್ದು, ಚಳಿಗಾಲದಲ್ಲಿ ಮಾತ್ರ. ಲೇಹ್ ಕಡೆ ಕೊಳಗಳೇ ಹೆಪ್ಪುಗಟ್ಟುತ್ತವೆ. ಕೊಡಗಿಗೆ ರೈಲು ಇಲ್ಲವಾದ್ದರಿಂದ ಬಸ್ಸಿನಲ್ಲಿ ಮೈಸೂರಿಗೆ ಇಳಿದು ಅಲ್ಲಿಂದ ರೈಲು, ಇಲ್ಲವೇ ಕಣ್ಣೂರಿನಿಂದಲೋ ಬೆಂಗಳೂರಿನಿಂದಲೋ ವಿಮಾನ.

ಇಷ್ಟು ದೂರದ ರಿಂಕಿಗಾಗಿ ಮೊದಲೇ ಐಸ್ ಸ್ಕೇಟ್ ಕೊಂಡು ಮನೆಯಲ್ಲಿಟ್ಟರೆ ಮಳೆಗಾಲದಲ್ಲಿ ಬ್ಲೇಡು ತುಕ್ಕು ಹಿಡಿಯುತ್ತದೆ, ಬೂಟಿಗೆ ಬೂಷ್ಟು ಬರುತ್ತದೆ, ಅಷ್ಟರಲ್ಲಿ ಮಗಳ ಪಾದ ಒಂದು ಸೈಜು ಬೆಳೆದಿರುತ್ತದೆ. ಬ್ಲೇಡು ಸಾಣೆ ಹಿಡಿಯುವವರೂ ಹತ್ತಿರದಲ್ಲಿಲ್ಲ. ಚಾಕು ಸಾಣೆಯವರ ಕೈಗೆ ಕೊಟ್ಟರೆ ನಡುವಿನ ಕಾಲುವೆಯನ್ನೇ ಉಜ್ಜಿ ತೆಗೆದುಬಿಡುತ್ತಾರೆ, ಅಲ್ಲಿಗೆ ಬ್ಲೇಡಿನ ಕಥೆ ಮುಗಿಯಿತು. ವರ್ಷಕ್ಕೊಮ್ಮೆ ಹೋಗಿ, ಅಲ್ಲೇ ಬಾಡಿಗೆಗೆ ಪಡೆಯಿರಿ. ಹೋಗುವ ಮೊದಲು ಫೋನ್ ಮಾಡಿ ನಿಜವಾದ ಐಸೋ, ಪ್ಲಾಸ್ಟಿಕ್ ಹಾಳೆಯೋ ಎಂದು ಕೇಳಿ. ಎರಡನ್ನೂ ಸ್ಕೇಟಿಂಗ್ ರಿಂಕ್ ಎಂದೇ ಕರೆಯುವುದುಂಟು.

ಬಾಡಿಗೆಯ ಬೂಟು ಕೈಗೆ ಬಂದ ಕೂಡಲೆ ಉಗುರಿನ ಬೆನ್ನನ್ನು ಬ್ಲೇಡಿನ ಅಂಚಿಗೆ ಅಡ್ಡಲಾಗಿ ಮೆಲ್ಲನೆ ಎಳೆದು ನೋಡಿ. ಉಗುರಿನಿಂದ ಬಿಳಿ ಪುಡಿ ಸಣ್ಣಗೆ ಎದ್ದರೆ ಹರಿತವಿದೆ. ಸುಮ್ಮನೆ ಜಾರಿದರೆ ಬೇರೆ ಜೋಡಿ ಕೇಳಿ. ಮೊಂಡು ಬ್ಲೇಡಿನಲ್ಲಿ ಕಾಲು ಪಕ್ಕಕ್ಕೆ ಜಾರಿ, ಮಗಳು ತನ್ನದೇ ತಪ್ಪೆಂದುಕೊಳ್ಳುತ್ತಾಳೆ. ಲೇಸು ಬೆರಳುಗಳ ಬಳಿ ಸಡಿಲ, ಹರಡಿನ ಬಳಿ ಬಿಗಿ. ಕೈಗವಸು ಕಡ್ಡಾಯ. ಕ್ವಾಡ್ ಕಲಿತು ಬಂದವರಿಗೆ ಐಸ್ ಮೇಲೆ ಎರಡು ಕಡೆ ಎಡವುತ್ತದೆ. ಒಂದು, ಬೆರಳ ತುದಿಯಿಂದ ತಳ್ಳುವ ಅಭ್ಯಾಸವಿದ್ದರೆ ಟೋ ಪಿಕ್ ಸಿಕ್ಕಿಕೊಂಡು ಮುಗ್ಗರಿಸುತ್ತಾರೆ. ಪಾದದ ಪಕ್ಕದಿಂದ ತಳ್ಳಬೇಕು. ಎರಡು, ನಿಲ್ಲಿಸುವ ಬಗೆ ಬೇರೆ. ಇಲ್ಲಿ ಬ್ಲೇಡನ್ನು ಅಡ್ಡಕ್ಕೆ ಒತ್ತಿ ಐಸ್ ಕೆರೆದು ನಿಲ್ಲುವುದು. ವೃತ್ತದ ಅಭ್ಯಾಸ ಇದ್ದವರಿಗೆ ಉಳಿದದ್ದು ಬೇಗ ಒಗ್ಗುತ್ತದೆ.

ಕಾಫಿ ಕಣವೇ ನಮ್ಮ ರಿಂಕ್

ಸ್ಕೇಟಿನಷ್ಟೇ ಮುಖ್ಯ ನೆಲ. ಕೊಡಗಿನ ರಸ್ತೆಗಳಲ್ಲಿ ಬೇಡವೇ ಬೇಡ: ಇಳಿಜಾರು, ತಿರುವು, ಜಲ್ಲಿ, ಎದುರಿಗೆ ಜೀಪು. ಹಾಕಿ ಟರ್ಫ್ ಮೇಲೂ ಬೇಡ, ಅದಕ್ಕೂ ಹಾಳು, ಗಾಲಿಯೂ ಉರುಳದು. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣ ಸಿಕ್ಕರೆ ಉತ್ತಮ. ಆದರೆ ಅನೇಕ ಮನೆಗಳ ಮುಂದೆಯೇ ಇರುವುದು ಸಿಮೆಂಟಿನ ಕಾಫಿ ಕಣ, ಮಂಗಳೂರಿನವರೋ ಬೆಂಗಳೂರಿನವರೋ ಆಸೆಪಡುವಷ್ಟು ದೊಡ್ಡ ಜಾಗ.

ಕಣಕ್ಕೆ ಅದರದೇ ಪಂಚಾಂಗವಿದೆ. ನವೆಂಬರ್‌ನಿಂದ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ, ಮಾರ್ಚ್‌ವರೆಗೂ ಕಣ ಕಾಫಿಯದು. ಹೂಮಳೆ ಬಿದ್ದ ಮೇಲೆ ಏಪ್ರಿಲ್, ಮೇ ಸ್ಕೇಟಿನದು. ಜೂನ್‌ನಿಂದ ಸೆಪ್ಟೆಂಬರ್ ಪಾಚಿಯದು. ಪಾಚಿ ಒಣಗಿದಂತೆ ಕಂಡರೂ ಬೆಳಗಿನ ಮಂಜಿಗೆ ಮತ್ತೆ ಜೀವ ಪಡೆಯುತ್ತದೆ, ಅದರ ಮೇಲೆ ಎಂಥ ಗಾಲಿಯೂ ನಿಲ್ಲದು. ಅಕ್ಟೋಬರ್‌ನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲು ತಾಗಿದ ಮೇಲೆ ಮತ್ತೆ ಶುರು. ಕೊಯ್ಲಿಗೆ ಮುಂಚೆ ಹೇಗೂ ತೊಳೆಯಲೇಬೇಕಾದ ಕಣ ಅದು. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ನೆಲ ಸಮತಟ್ಟು, ಅವರಿಗೆ ಇನ್ನಷ್ಟು ತಿಂಗಳು ಸಿಗುತ್ತವೆ.

ಸ್ಕೇಟ್ ಇಳಿಸುವ ಮೊದಲು ಕಣದ ನಡುವೆ ಒಂದು ಚೊಂಬು ನೀರು ಸುರಿಯಿರಿ. ನೀರು ನಿಧಾನಕ್ಕೆ ಒಂದು ಕಡೆ ಹರಿದರೆ ಸರಿ, ಓಡಿದರೆ ಇಳಿಜಾರು ಹೆಚ್ಚು. ಹತ್ತಡಿಗೆ ಒಂದಿಂಚಿನ ಒಳಗಿದ್ದರೆ ಕಲಿಯಲು ತೊಂದರೆಯಿಲ್ಲ. ಸಿಮೆಂಟು ಹಾಸುಗಳ ನಡುವಿನ ಸಂದು ಒಂದು ಸೆಂಟಿಮೀಟರ್ ಮೀರಿದ್ದರೆ ಗಾರೆ ತುಂಬಿಸಿ. ಕಣದ ಅಂಚಿನಲ್ಲಿ ಸಾಮಾನ್ಯವಾಗಿ ನೆಲ ತಟ್ಟನೆ ಇಳಿಯುತ್ತದೆ. ಅಲ್ಲಿ ಎರಡು ಮೀಟರ್ ಜಾಗ ಬಿಟ್ಟು, ಗೋಣಿಚೀಲಗಳಿಗೆ ಕಾಫಿ ಹೊಟ್ಟು ತುಂಬಿ ಸಾಲಾಗಿ ಇಡಿ.

ಗುಡಿಸುವುದನ್ನು ಮಾತ್ರ ಪ್ರತಿ ಸಲವೂ ಮಾಡಬೇಕು. ಒಂದೇ ಒಂದು ಒಣ ಕಾಫಿ ಬೀಜ ಸಾಕು. ಆರು ಸೆಂಟಿಮೀಟರ್ ಎತ್ತರದ ಗಾಲಿಯ ಮುಂದೆ ಬೀಜದ ಉಬ್ಬು ಬದಿ ಸಿಕ್ಕಿಕೊಂಡರೆ ಗಾಲಿ ಅದನ್ನು ಹತ್ತುವುದಿಲ್ಲ, ತಳ್ಳಿಕೊಂಡು ಹೋಗಿ ತಟಕ್ಕನೆ ನಿಲ್ಲುತ್ತದೆ. ಕಾಲು ನಿಂತಿತು, ದೇಹ ಮುಂದೆ ಹೋಯಿತು. ಕಣದ ಮೇಲೆ ಆಗುವ ಬೀಳುವಿಕೆಗಳಲ್ಲಿ ಮುನ್ಸೂಚನೆಯೇ ಇಲ್ಲದ್ದು ಇದು. ಇನ್ನೊಂದು ಮಾತು, ಇದು ಕಾಫಿಯ ಪರವಾಗಿ: ಬೇರಿಂಗ್‌ಗೆ ಎಣ್ಣೆ ಬಿಡುವ ಕೆಲಸವನ್ನು ಕಣದ ಮೇಲೆ ಮಾಡಬೇಡಿ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ.

ಎಂಟನ್ನು ಬರೆಯುವುದು

ಮೊದಲ ಎರಡು ವಾರ ಬೀಳಲು, ಏಳಲು, ನಿಂತಲ್ಲೇ ಹೆಜ್ಜೆ ಹಾಕಲು. ಬೀಳುವುದು ಖಚಿತ ಅನ್ನಿಸಿದಾಗ ಮೊಣಕಾಲು ಮಡಚಿ, ಪಕ್ಕಕ್ಕೆ, ತೊಡೆಯ ಮೇಲೆ ಕೂರುವಂತೆ ಬೀಳಬೇಕು, ಮುಷ್ಟಿ ಮುಚ್ಚಿರಬೇಕು. ಹೆಲ್ಮೆಟ್, ಮೊಣಕಾಲು ಪ್ಯಾಡ್, ಮೊಣಕೈ ಪ್ಯಾಡ್ ಎಲ್ಲರೂ ಕೊಳ್ಳುತ್ತಾರೆ. ಬಿಟ್ಟುಬಿಡುವುದು ಮಣಿಕಟ್ಟಿನ ಗಾರ್ಡ್, ಮುರಿಯುವುದೂ ಮಣಿಕಟ್ಟೇ. ಮೂರನೆಯ ವಾರದಿಂದ ಎರಡು ಕಾಲಿನ ಜಾರು, ಆಮೇಲೆ ಒಂಟಿ ಕಾಲಿನ ಜಾರು. ಐದು ಎಣಿಸುವವರೆಗೆ ಎಡಗಾಲೊಂದರಲ್ಲೂ ಬಲಗಾಲೊಂದರಲ್ಲೂ ನಿಲ್ಲಲು ಬಂದರೆ ಗೆರೆಗೆ ಹೋಗಬಹುದು.

3 ಮೀಟರ್ ಹಗ್ಗ ತೆಗೆದುಕೊಳ್ಳಿ. ಒಬ್ಬರು ಒಂದು ತುದಿ ಹಿಡಿದು ನಿಲ್ಲಿ, ಇನ್ನೊಬ್ಬರು ಇನ್ನೊಂದು ತುದಿಗೆ ಸೀಮೆಸುಣ್ಣ ಹಿಡಿದು ಸುತ್ತು ಬನ್ನಿ. 6 ಮೀಟರ್ ವ್ಯಾಸದ ವೃತ್ತ. ಅದಕ್ಕೆ ತಾಗಿದಂತೆ ಇನ್ನೊಂದು. ರಂಗೋಲಿ ಪುಡಿ ಬೇಡ, ಗಾಲಿಗೆ ಅಂಟುತ್ತದೆ. ಸುತ್ತಲಿನ ಜಾಗ ಸೇರಿ 16 ಮೀಟರ್ ಉದ್ದ, 10 ಮೀಟರ್ ಅಗಲ ಬೇಕು. ಅಷ್ಟಿಲ್ಲದಿದ್ದರೆ 2 ಮೀಟರ್ ಹಗ್ಗದಲ್ಲಿ ಚಿಕ್ಕ ಎಂಟು ಬರೆಯಿರಿ. ಎರಡು ವೃತ್ತ ಕೂಡುವಲ್ಲಿ ನಿಂತು, ಎಡಗಾಲಿನಿಂದ ಒಮ್ಮೆ ತಳ್ಳಿ, ಬಲಗಾಲಿನ ಹೊರಬದಿಗೆ ವಾಲಿ, ಬಲಗಡೆಯ ವೃತ್ತವನ್ನು ಒಂದೇ ಕಾಲಿನಲ್ಲಿ ಸುತ್ತಿ ಬರಬೇಕು. ಕೂಡುವಲ್ಲಿ ಕಾಲು ಬದಲಿಸಿ ಎಡಗಾಲಿನ ಹೊರಬದಿಯಲ್ಲಿ ಎಡಗಡೆಯದು.

ಮೊದಲ ದಿನ ಕಾಲು ಭಾಗ ಸುತ್ತಿದರೆ ದೊಡ್ಡದು. ಗೆರೆಯ ಒಳಕ್ಕೆ ಕುಸಿಯುತ್ತಿದ್ದರೆ ಅವಳು ಕಾಲು ನೋಡುತ್ತಿದ್ದಾಳೆ, ಅಥವಾ ಸೊಂಟ ಒಳಗಡೆಗೆ ಮುರಿದಿದೆ. ಗೆರೆಯಿಂದ ಹೊರಕ್ಕೆ ಹೋಗುತ್ತಿದ್ದರೆ ವಾಲುವ ಧೈರ್ಯ ಸಾಲದು, ಇಲ್ಲವೇ ಕುಷನ್ ಬಿಗಿಯಿದೆ. ಟ್ರಕ್ಕಿನ ನಡುವಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ನಾಲ್ಕೂ ಟ್ರಕ್ಕಿಗೆ ಒಂದೇ ಸಮ. ಹೆಚ್ಚು ಸಡಿಲಿಸಿದರೆ ನೇರ ಹೋಗುವಾಗ ಸ್ಕೇಟು ಅದುರುತ್ತದೆ. ಮುಕ್ಕಾಲು ಸುತ್ತಿಗೇ ವೇಗ ಸತ್ತರೆ ಗಾಲಿಯ ನಟ್ ನೋಡಿ. ಬೆರಳಿನಿಂದ ತಿರುಗಿಸಿದ ಗಾಲಿ ಎರಡು ಮೂರು ಸೆಕೆಂಡಿಗೇ ನಿಂತರೆ ಬಿಗಿ ಹೆಚ್ಚಾಗಿದೆ.

ಹಾಕಿ ಆಡಿ ಬೆಳೆದ ಮಕ್ಕಳಿಗೆ ಇಲ್ಲಿ ಒಂದು ಲಾಭ, ಒಂದು ತೊಡಕು. ಮೊಣಕಾಲು ಬಗ್ಗಿಸಿ ಕೆಳಗೆ ಕೂತು ಓಡುವುದು ಅವರಿಗೆ ರಕ್ತದಲ್ಲೇ ಇದೆ, ಅದು ಸ್ಕೇಟಿಂಗ್‌ಗೂ ಬೇಕು. ಆದರೆ ಸೊಂಟದಿಂದ ಮುಂದೆ ಬಾಗುವುದನ್ನು ಬಿಡಿಸಬೇಕು. ಮೊಣಕಾಲು ಬಗ್ಗಿ ಬೆನ್ನು ನೆಟ್ಟಗಿರಬೇಕು. ಉಮ್ಮತ್ತಾಟ್ ಕುಣಿತ ಕಲಿತ ಹುಡುಗಿಯರಿಗೆ ವೃತ್ತದಲ್ಲಿ ಸಾಗುತ್ತಾ ತಾಳ ತಪ್ಪದಿರುವುದು ಮೊದಲೇ ಗೊತ್ತು.

ಎಂಟರ ಆಕೃತಿಯನ್ನು ಮೂರು ಸಲ ಅದೇ ಗೆರೆಯ ಮೇಲೆ ಸುತ್ತಿ ಮುಗಿಸಿದ ಮೇಲೆ ತ್ರೀ ಟರ್ನ್ ಕಲಿಸಬಹುದು: ವೃತ್ತದ ನಡುವೆ ಒಂದೇ ಕಾಲಿನಲ್ಲಿ ಮುಮ್ಮುಖದಿಂದ ಹಿಮ್ಮುಖಕ್ಕೆ ಹೊರಳುವುದು, ನೆಲದ ಮೇಲಿನ ಗೆರೆ 3ರಂತೆ ಕಾಣುತ್ತದೆ. ಗಿರಕಿ ಎರಡು ಕಾಲಿನದ್ದು ಸಾಕು. ಕೈ ಒಳಗೆಳೆದರೆ ವೇಗ ಏಕೆ ಏರುತ್ತದೆ ಎಂದು ತಿರುಗುವ ಕುರ್ಚಿಯ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಕೊಟ್ಟು ತೋರಿಸಿ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಜಿಗಿತ ಕಣದ ಮೇಲೆ ಅಂಗೈಯಗಲ ಎತ್ತರದ ಕುಪ್ಪಳಿಕೆ ಮೀರಬಾರದು. ಸಿಮೆಂಟಿಗೆ ಕರುಣೆಯಿಲ್ಲ, ಸುತ್ತು ಹಾಕುವ ಜಿಗಿತಕ್ಕೆ ಕಲಿಸುವವರೂ ಸರಿಯಾದ ನೆಲವೂ ಬೇಕು.

ಕಲಿಸುವವರನ್ನು ಹುಡುಕುವಾಗ "ಸ್ಕೇಟಿಂಗ್ ಕಲಿಸುತ್ತೀರಾ" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ಆರ್ಟಿಸ್ಟಿಕ್ ಕಲಿಸುತ್ತೀರಾ, ಫಿಗರ್ ವೃತ್ತ ಬರೆಸುತ್ತೀರಾ" ಎಂದು ಕೇಳಿ. ಹತ್ತಿರದಲ್ಲಿ ಅಂಥವರಿಲ್ಲದಿದ್ದರೆ ತಿಂಗಳಿಗೊಮ್ಮೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ತಪ್ಪು ತಿದ್ದಿಸಿಕೊಂಡು ಬಂದು, ಉಳಿದ ವಾರಗಳಲ್ಲಿ ಕಣದಲ್ಲಿ ಅಭ್ಯಾಸ ಮಾಡುವುದು, ವಾರಕ್ಕೆ ಮೂರು ದಿನ ಸ್ಪೀಡ್ ಕ್ಲಾಸಿಗೆ ಕಳಿಸುವುದಕ್ಕಿಂತ ಮೇಲು. ವಿಡಿಯೋ ತೆಗೆಯುವುದಾದರೆ ಫೋನನ್ನು ಸೊಂಟದ ಎತ್ತರದಲ್ಲಿ, ವೃತ್ತದ ಹೊರಗೆ ಹಿಡಿಯಿರಿ. ಮೇಲಿನಿಂದ ತೆಗೆದರೆ ವಾಲಿದ್ದು ಕಾಣುವುದಿಲ್ಲ.

ಮಳೆಗಾಲದಲ್ಲಿ ಸ್ಕೇಟ್ ಕಾಯುವುದು

ಒಂದು ಜೋಡಿಯಲ್ಲಿ ಎಂಟು ಗಾಲಿ, ಹದಿನಾರು ಬೇರಿಂಗ್. ಕೊಡಗಿನ ತೇವಕ್ಕೆ ಮೊದಲು ಬಲಿಯಾಗುವುದು ಅವೇ. ಒದ್ದೆಯಾದ ದಿನವೇ ಗಾಲಿ ಬಿಚ್ಚಿ ಒರೆಸಿ, ಒಣಗಿಸಿ, ಬೇರಿಂಗ್ ಒಂದಕ್ಕೆ ಒಂದೆರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ; ಡಿಸೆಂಬರ್‌ನಲ್ಲಿ ಶೀಶೆಯೊಳಗೆ ಅದು ಏನಾಗುತ್ತದೆಂದು ನಿಮಗೇ ಗೊತ್ತು, ಬೇರಿಂಗ್‌ನಲ್ಲೂ ಹಾಗೆಯೇ ಗಟ್ಟಿಯಾಗುತ್ತದೆ. ಬೂಟಿನೊಳಗೆ ಹಳೆಯ ಪೇಪರ್ ತುರುಕಿ, ದಿನಕ್ಕೊಮ್ಮೆ ಬದಲಿಸಿ. ಬೇಗ ಒಣಗಲೆಂದು ಒಲೆಯ ಹತ್ತಿರ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ, ಚರ್ಮ ಸೀಳುತ್ತದೆ. ಕಪಾಟಿನಲ್ಲಿ ಬಟ್ಟೆಗೆ ಬೂಷ್ಟು ಬಾರದಂತೆ ಬಲ್ಬ್ ಹಾಕಿಡುವ ಮನೆಯಾದರೆ ಬೂಟಿಗೂ ಅಲ್ಲೇ ಜಾಗ ಕೊಡಿ, ಬಲ್ಬಿಗೆ ತಾಗದಂತೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಿಂಜರಿಯಬೇಡಿ, ಹದಿಹರೆಯದವರ ಸ್ಕೇಟು ಸವೆಯುವ ಮೊದಲೇ ಚಿಕ್ಕದಾಗಿರುತ್ತದೆ. ಪ್ಲೇಟಿನಲ್ಲಿ ಟ್ರಕ್ ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಗಾಲಿ ಒಂದು ಬದಿಗೆ ಸವೆದಿದ್ದರೆ ಹೊಸ ಗಾಲಿ ಹಾಕಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೂಟು ಹರಡಿನ ಬಳಿ ಆಳವಾಗಿ ಮಡಚಿದ್ದರೆ ಅದು ಇನ್ನು ಕಾಲು ಹಿಡಿಯದು.

ಕೊಳ್ಳಲು ಒಳ್ಳೆಯ ಸಮಯ ಮಾರ್ಚ್ ಕೊನೆ. ಕಣ ಖಾಲಿಯಾಗುವುದೂ ಪರೀಕ್ಷೆ ಮುಗಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಅಳತೆಯನ್ನು ಕೊಳ್ಳುವ ವಾರವೇ ತೆಗೆಯಿರಿ, ಸಂಜೆ ಹೊತ್ತು, ಸ್ಕೇಟಿಗೆ ಹಾಕುವ ಸಾಕ್ಸ್ ಹಾಕಿಸಿ, ಕಾಗದದ ಮೇಲೆ ಪೂರ್ತಿ ತೂಕ ಬಿಟ್ಟು ನಿಲ್ಲಿಸಿ, ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ ಮಿ.ಮೀ. ಲೆಕ್ಕದಲ್ಲಿ. ಬೆರಳು ಮುಂತುದಿಗೆ ಹಗುರಾಗಿ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಬೆಳೆಯುವ ಮಗು ಎಂದು ಎರಡು ಸೈಜು ದೊಡ್ಡದು ಕೊಟ್ಟರೆ ಹರಡು ಒಳಗೆ ಮುರಿದು ನಿಲ್ಲುತ್ತದೆ, ಅಂಚು ಸಿಗುವುದೇ ಇಲ್ಲ. ಅರ್ಧ ಸೈಜು ಹೆಚ್ಚು ಸಾಕು, ಒಳಗೆ ಒಂದು ತೆಳು ಅಟ್ಟೆ ಹಾಕಿ, ಬಿಗಿಯಾದಾಗ ತೆಗೆಯಿರಿ.